ಕೆಲಸದಲ್ಲಿ ಗಾಯವಾಗಿದೆ, ಮಾಲೀಕರು ವರದಿ ಕಳುಹಿಸುತ್ತಿಲ್ಲ: ಕಾರ್ಮಿಕ ಏನು ಮಾಡಬೇಕು?

ಪವರ್ ಪ್ರೆಸ್‌ಗೆ ಬೆರಳು ಸಿಕ್ಕಿದವನನ್ನು ಆಸ್ಪತ್ರೆಗೆ ಕರೆತರುವವರು ಸಾಮಾನ್ಯವಾಗಿ ಸೂಪರ್‌ವೈಸರ್. ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಬ್ಯಾಂಡೇಜ್ ಬಿಚ್ಚುತ್ತಾ “ಹೇಗಾಯಿತು?” ಎಂದು ಕೇಳುತ್ತಾರೆ. ಗಾಯಗೊಂಡವನು ನೋವಿನಲ್ಲಿ ಹಲ್ಲು ಕಚ್ಚಿಕೊಂಡಿರುತ್ತಾನೆ. ಪಕ್ಕದಲ್ಲಿ ನಿಂತವರು ತಡವಿಲ್ಲದೆ ಉತ್ತರಿಸುತ್ತಾರೆ: “ಮನೆಯಲ್ಲಿ ಬಾಗಿಲಿಗೆ ಸಿಕ್ಕಿತಂತೆ, ಡಾಕ್ಟರೇ.” ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ಮುಂದೆ ವರ್ಷಗಟ್ಟಲೆ ನಡೆಯುವ ಜಗಳವೆಲ್ಲ ಚೀಟಿಯ ಮೇಲಿನ ಆ ಒಂದು ಸಾಲಿನ ಸುತ್ತಲೇ.

ಗಾಯ ಎಲ್ಲಿ ಆಯಿತು, ಯಾವಾಗ ಆಯಿತು, ಯಾವ ಕೆಲಸ ಮಾಡುವಾಗ ಆಯಿತು ಎಂಬ ಈ ಮೂರು ಸಂಗತಿಗಳು ಸರಿಯಾಗಿ ದಾಖಲಾದರೆ ಮಾಲೀಕರ ಸಹಕಾರವಿಲ್ಲದೆಯೂ ಪರಿಹಾರ ಪಡೆಯಬಹುದು. ಅವು ತಪ್ಪಾಗಿ ದಾಖಲಾದರೆ ಒಳ್ಳೆಯ ವಕೀಲರಿಗೂ ಬೆವರಿಳಿಯುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಮೊದಲ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಆಸ್ಪತ್ರೆಯ ಚೀಟಿ

ವೈದ್ಯರಿಗೆ ನಡೆದದ್ದನ್ನು ನೀವೇ ಹೇಳಿ. ಮಾತನಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮನೆಯವರು ಅಥವಾ ಜೊತೆಯ ಕೆಲಸಗಾರರು ಹೇಳಲಿ. ಕಾರ್ಖಾನೆಯ ಹೆಸರು, ಯಂತ್ರ, ಸಮಯ ಮೂರನ್ನೂ ಬರೆಸಿ. ಅಪಘಾತದ ಗಾಯವಾದ್ದರಿಂದ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಮಾಡಿ ಎಂದು ಕೇಳಿ. ಎಂಎಲ್‌ಸಿ ಆದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ನಮೂದಾಗಿ ಪೊಲೀಸ್ ಠಾಣೆಗೆ ಮಾಹಿತಿ ಹೋಗುತ್ತದೆ. ಮಾಲೀಕರ ಕೈಗೆ ಸಿಗದ ಜಾಗದಲ್ಲಿ ಇರುವ ದಾಖಲೆ ಅದು. ಅವರು ತಮ್ಮ ಹಾಜರಿ ಪುಸ್ತಕವನ್ನು ತಿದ್ದಬಹುದು, ಠಾಣೆಗೆ ಹೋದ ಕಾಗದವನ್ನು ತಿದ್ದಲಾರರು.

“ಎಂಎಲ್‌ಸಿ ಮಾಡಿಸಿದರೆ ಪೊಲೀಸ್ ಕೇಸ್ ಆಗುತ್ತದೆ, ನೀನೇ ಠಾಣೆಗೆ ಅಲೆಯಬೇಕಾಗುತ್ತದೆ” ಎಂದು ಹೆದರಿಸುವವರು ಇದ್ದೇ ಇರುತ್ತಾರೆ. ಗಾಯಗೊಂಡವನು ಆರೋಪಿಯಲ್ಲ. ಠಾಣೆಯವರು ಹೇಳಿಕೆ ಪಡೆಯಲು ಬಂದರೆ ಅದು ನಿಮಗೇ ಅನುಕೂಲ. ಹೇಳಿಕೆಯನ್ನು ಓದಿಸಿಕೊಂಡು ನಂತರ ಸಹಿ ಹಾಕಿ.

ಚೀಟಿಯಲ್ಲಿ ಈಗಾಗಲೇ “ಮನೆಯಲ್ಲಿ ಬಿದ್ದು ಗಾಯ” ಎಂದು ಬರೆದಾಗಿದ್ದರೆ? ಸುಮ್ಮನಿರಬೇಡಿ. ಅದೇ ದಿನ ಅಥವಾ ಮರುದಿನ ಆಸ್ಪತ್ರೆಯ ವೈದ್ಯಾಧಿಕಾರಿಗೆ ಲಿಖಿತ ಮನವಿ ಕೊಡಿ: ಗಾಯದ ವಿವರವನ್ನು ಹೇಳಿದವರು ನಾನಲ್ಲ, ನನ್ನ ಜೊತೆ ಬಂದಿದ್ದವರು, ನಿಜವಾಗಿ ನಡೆದದ್ದು ಹೀಗೆ. ಮೂಲ ದಾಖಲೆಯನ್ನು ತಿದ್ದಲು ಅವರು ಒಪ್ಪದಿರಬಹುದು. ಆದರೂ ನಿಮ್ಮ ಮನವಿಗೆ ಸ್ವೀಕೃತಿಯ ಮೊಹರು ಬಿದ್ದರೆ ಸಾಕು. ಎರಡು ವರ್ಷದ ನಂತರ ಎದ್ದ ಮಾತಲ್ಲ, ಎರಡನೇ ದಿನವೇ ಹೇಳಿದ ಮಾತು ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಈ ಸಾಲಿನ ಬೆಲೆಯನ್ನು ರೂಪಾಯಿಗಳಲ್ಲೇ ಹೇಳಬಹುದು. ಮನೆಯಲ್ಲಿ ಬಿದ್ದದ್ದು ಎಂದಾದರೆ ಅದು ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ: ದಿನದ ವೇತನದ ಶೇ 70, ಅದೂ ವರ್ಷಕ್ಕೆ ಗರಿಷ್ಠ 91 ದಿನ, ಅದಕ್ಕೂ 78 ದಿನಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತು. ಕೆಲಸದಲ್ಲಿ ಆದ ಗಾಯ ಎಂದಾದರೆ ವೇತನದ ಶೇ 90, ಕೆಲಸ ಮಾಡಲಾಗದಷ್ಟು ಕಾಲವೂ ಸಿಗುತ್ತದೆ, ವಂತಿಗೆಯ ದಿನಗಳ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕು ಇದೆ. ದಿನಕ್ಕೆ 600 ರೂಪಾಯಿ ಕೂಲಿಯವರಿಗೆ 420 ಮತ್ತು 540ರ ನಡುವಿನ ವ್ಯತ್ಯಾಸ ಇದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬೆರಳೋ ಕಣ್ಣೋ ಶಾಶ್ವತವಾಗಿ ಹೋಗಿದ್ದರೆ ವೈದ್ಯಕೀಯ ಮಂಡಳಿ ನಷ್ಟದ ಪ್ರಮಾಣ ನಿಗದಿ ಮಾಡಿ ಜೀವನಪರ್ಯಂತ ಕೊಡಿಸುವ ಹಣ, ಕಾಯಿಲೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಹೆಜ್ಜೆ 2: ಮಾಲೀಕರಿಗೆ ಲಿಖಿತ ತಿಳಿವಳಿಕೆ

“ಸಾಹೇಬರಿಗೆ ಎಲ್ಲ ಗೊತ್ತು, ಅವರೇ ಆಸ್ಪತ್ರೆಗೆ ಬಂದಿದ್ದರು” ಎಂಬ ಭರವಸೆಯಲ್ಲಿ ಕೂರಬೇಡಿ. ನೆನಪು ಬಹಳ ಬೇಗ ಮಾಸುತ್ತದೆ, ಅದರಲ್ಲೂ ಹಣ ಕೊಡಬೇಕಾದವರ ನೆನಪು. ಬಾಯಿಮಾತಿನಲ್ಲಿ ತಿಳಿಸಿದರೂ ಕಾನೂನು ಒಪ್ಪುತ್ತದೆ, ಮಾಲೀಕರಿಗೆ ಅಪಘಾತದ ವಿಷಯ ಬೇರೆ ರೀತಿಯಲ್ಲಿ ತಿಳಿದಿದ್ದರೆ ನೋಟಿಸ್ ಇಲ್ಲವೆಂಬ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ. ಆದರೆ “ತಿಳಿದಿತ್ತು” ಎಂದು ಸಾಬೀತು ಮಾಡುವುದಕ್ಕಿಂತ ಒಂದು ಪುಟ ಬರೆಯುವುದು ಸುಲಭ. ಬರೆಯಲು ಬಾರದವರ ಪರವಾಗಿ ಬೇರೆಯವರು ಬರೆದು ಕೊಡಬಹುದು.

ಹೀಗೆ ಬರೆದರೆ ಸಾಕು:

“ದಿನಾಂಕ ……ರಂದು ಬೆಳಗಿನ ಪಾಳಿಯಲ್ಲಿ, ಸುಮಾರು 11.20ಕ್ಕೆ, ತಮ್ಮ ಕಾರ್ಖಾನೆಯ ಪ್ರೆಸ್ ವಿಭಾಗದ 4ನೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಬಲಗೈಯ ತೋರುಬೆರಳು ಯಂತ್ರಕ್ಕೆ ಸಿಕ್ಕಿ ತುಂಡಾಗಿದೆ. ಆ ಸಮಯದಲ್ಲಿ …… ಮತ್ತು …… ಅವರು ಸ್ಥಳದಲ್ಲಿದ್ದರು. ನನ್ನನ್ನು …… ಆಸ್ಪತ್ರೆಗೆ ಸೇರಿಸಲಾಯಿತು. ಈ ಅಪಘಾತವನ್ನು ಅಪಘಾತ ಪುಸ್ತಕದಲ್ಲಿ ನಮೂದಿಸಿ, ಇಎಸ್‌ಐ ಶಾಖಾ ಕಚೇರಿಗೆ ವರದಿ ಕಳುಹಿಸಿ, ಅದರ ಪ್ರತಿಯನ್ನು ನನಗೆ ಕೊಡಬೇಕೆಂದು ಕೋರುತ್ತೇನೆ.”

ಯಾರ ತಪ್ಪು ಎಂದು ಬರೆಯಬೇಡಿ. ಮಾಲೀಕರನ್ನು ಬೈಯುವುದೂ ಬೇಡ, ನಿಮ್ಮನ್ನೇ ಬೈದುಕೊಳ್ಳುವುದೂ ಬೇಡ. ಪರಿಹಾರದ ಕಾನೂನು ತಪ್ಪಿನ ಲೆಕ್ಕದ ಮೇಲೆ ನಿಂತಿಲ್ಲ; ಕೆಲಸದ ಸಮಯದಲ್ಲಿ, ಕೆಲಸದ ಕಾರಣದಿಂದ ಗಾಯವಾಯಿತೇ ಎಂಬುದಷ್ಟೇ ಪ್ರಶ್ನೆ. ಒಂದು ಕ್ಷಣ ಮೈಮರೆತು ಕೈ ಇಟ್ಟೆ ಎಂಬುದು ಪರಿಹಾರ ನಿರಾಕರಿಸಲು ಕಾರಣವಾಗದು.

1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಮಾಲೀಕರಿಗೆ ಇದ್ದ ವಿನಾಯಿತಿಗಳು ಕೆಲವೇ: ಗಾಯಗೊಂಡವರು ಕುಡಿದ ಅಥವಾ ಮಾದಕದ ಅಮಲಿನಲ್ಲಿದ್ದರು, ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದರು, ಯಂತ್ರದ ಗಾರ್ಡನ್ನು (ಕೈ ಸಿಗದಂತೆ ತಡೆಯುವ ಕವಚ) ಬೇಕೆಂದೇ ತೆಗೆದರು. ಸಾವು ಅಥವಾ ಪೂರ್ಣ ಶಾಶ್ವತ ಅಸಮರ್ಥತೆಯಾದರೆ ಈ ವಿನಾಯಿತಿಗಳೂ ನಡೆಯುವುದಿಲ್ಲ. ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ “ಸುಮ್ಮನೆ ಒಂದು ಹೇಳಿಕೆ” ಎಂದು ಬರುವ ಕಾಗದದಲ್ಲಿ “ಗಾರ್ಡನ್ನು ನಾನೇ ತೆಗೆದಿದ್ದೆ” ಎಂಬ ವಾಕ್ಯ ಏಕೆ ಇರುತ್ತದೆ ಎಂಬುದು ಈಗ ತಿಳಿಯಿತಲ್ಲ? ಉತ್ಪಾದನೆ ಹೆಚ್ಚಲೆಂದು ಗಾರ್ಡ್ ತೆಗೆಸಿದವರು ಯಾರೆಂಬುದು ಆ ಕಾಗದದಲ್ಲಿ ಇರುವುದಿಲ್ಲ.

ಪತ್ರವನ್ನು ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ಸಹಿ, ದಿನಾಂಕ ಪಡೆಯಿರಿ. ಕೊಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿಯನ್ನೂ ತಲುಪಿದ ದಾಖಲೆಯನ್ನೂ ಇಟ್ಟುಕೊಳ್ಳಿ. (ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ.) ವಾಟ್ಸ್‌ಆ್ಯಪ್‌ನಲ್ಲೂ ಕಳುಹಿಸಿ. ಅಲ್ಲಿ ಬರುವ “ಆಯಿತು, ನೋಡೋಣ” ಎಂಬ ಎರಡು ಪದಗಳ ಉತ್ತರವೂ ಅವರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ.

ಹೆಜ್ಜೆ 3: ಸಾಕ್ಷ್ಯ ಚದುರುವ ಮೊದಲು

ವಾರ ಕಳೆಯುವಷ್ಟರಲ್ಲಿ ಯಂತ್ರಕ್ಕೆ ಹೊಸ ಗಾರ್ಡ್ ಬಂದಿರುತ್ತದೆ, ನೆಲ ತೊಳೆದಿರುತ್ತದೆ, ಸಿಸಿಟಿವಿಯ ಮೇಲೆ ಹೊಸ ದೃಶ್ಯ ಕೂತಿರುತ್ತದೆ. ಜೊತೆಗಾರರಿಂದ ಯಂತ್ರದ ಫೋಟೊ ಅಂದೇ ತೆಗೆಸಿ. ಅವರ ಹೆಸರು, ಊರು, ಫೋನ್ ಸಂಖ್ಯೆ ಬರೆದುಕೊಳ್ಳಿ. ಗುತ್ತಿಗೆ ಕೆಲಸಗಾರರು ತಿಂಗಳೊಳಗೆ ಬೇರೆ ಊರಿಗೆ ಹೋಗಿಬಿಡುತ್ತಾರೆ.

ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂಬುದನ್ನೇ ಅಲ್ಲಗಳೆಯುವ ಮಾಲೀಕರೂ ಇದ್ದಾರೆ. ನೇಮಕದ ಪತ್ರ ಇಲ್ಲದವರು ಗುರುತಿನ ಚೀಟಿ, ಗೇಟ್ ಪಾಸ್, ಬ್ಯಾಂಕ್ ಅಥವಾ ಫೋನ್‌ಪೇಯಲ್ಲಿ ಬಂದ ಸಂಬಳದ ದಾಖಲೆ, ಪಿಎಫ್ ಸಂದೇಶ, ಪಾಳಿಯ ಗುಂಪಿನ ವಾಟ್ಸ್‌ಆ್ಯಪ್ ಸಂದೇಶಗಳು, ಇವೆಲ್ಲವನ್ನೂ ಒಟ್ಟುಮಾಡಬೇಕು. ಕೆಲಸದಿಂದ ತೆಗೆದ ಮೊದಲ ಸೂಚನೆಯೇ ಗುಂಪಿನಿಂದ ನಿಮ್ಮನ್ನು ಹೊರಹಾಕುವುದು. ಹಾಗಾಗುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಫೋನಿಗೂ ಕಳುಹಿಸಿ. ಮೂಲ ಸಂದೇಶ ಇರುವ ಫೋನನ್ನು ಮಾತ್ರ ಮಾರಬೇಡಿ.

ಹೆಜ್ಜೆ 4: ಇಎಸ್‌ಐ ಇದೆಯೇ ಎಂದು ನೋಡಿ

ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಇಎಸ್‌ಐ ಅನ್ವಯಿಸುತ್ತದೆ. ವೇತನ ಚೀಟಿಯಲ್ಲಿ ಶೇ 0.75 ಕಡಿತವಾಗುತ್ತಿದೆಯೇ ನೋಡಿ. ಮಾಲೀಕರ ಪಾಲು ಶೇ 3.25. ನಿಮ್ಮ ವಿಮಾ ಸಂಖ್ಯೆ ಕೇಳಿ ಪಡೆಯಿರಿ.

ಇಲ್ಲಿ ಒಂದು ವಿಚಿತ್ರವಿದೆ. ಇಎಸ್‌ಐ ವಂತಿಗೆ ಸರಿಯಾಗಿ ಕಟ್ಟಿರುವ ಮಾಲೀಕರಿಗೆ ಅಪಘಾತದ ವರದಿ ಕಳುಹಿಸಿದರೆ ಒಂದು ಪೈಸೆಯೂ ಖರ್ಚಿಲ್ಲ. ಹಣ ಕೊಡುವುದು ಇಎಸ್‌ಐ ನಿಗಮ. ಹಾಗಿದ್ದೂ ವರದಿ ಕಳುಹಿಸಲು ಹಿಂಜರಿದರೆ ಬೇರೇನೋ ಮುಚ್ಚಿಡುವುದಿದೆ ಎಂದೇ ಅರ್ಥ: ನಿಮ್ಮ ಹೆಸರು ನೋಂದಣಿಯಾಗಿಲ್ಲ, ಕಡಿತ ಮಾಡಿದ ಹಣ ಕಟ್ಟಿಲ್ಲ, 18,000 ಕೊಟ್ಟು 11,000 ಎಂದು ತೋರಿಸಿದ್ದಾರೆ, ಅಥವಾ ಯಂತ್ರಕ್ಕೆ ಗಾರ್ಡ್ ಇರಲಿಲ್ಲ. ಯಾವುದೆಂದು ಊಹಿಸಿದರೆ ಮುಂದಿನ ಮಾತುಕತೆಯ ದಾರಿಯೂ ಕಾಣುತ್ತದೆ.

ಇಎಸ್‌ಐ ನಿಯಮದ ಪ್ರಕಾರ ಮಾಲೀಕರು ಅಪಘಾತ ಪುಸ್ತಕದಲ್ಲಿ (ನಮೂನೆ 11) ನಮೂದು ಮಾಡಿ, ಅಪಘಾತ ವರದಿಯನ್ನು (ನಮೂನೆ 12) ನಿಗದಿತ ಗಡುವಿನೊಳಗೆ ಕಳುಹಿಸಬೇಕು. ಅವರು ಕಳುಹಿಸದಿದ್ದರೆ ನೀವೇ ಶಾಖಾ ಕಚೇರಿಗೆ ಹೋಗಿ ವ್ಯವಸ್ಥಾಪಕರಿಗೆ ಬರೆದುಕೊಡಿ. ಜೊತೆಗೆ ಆಸ್ಪತ್ರೆಯ ಚೀಟಿ, ಮಾಲೀಕರಿಗೆ ಕೊಟ್ಟ ಪತ್ರದ ನಕಲು, ಸಾಕ್ಷಿಗಳ ಹೆಸರು ಇರಲಿ. “ಮಾಲೀಕರು ವರದಿ ಕಳುಹಿಸಿಲ್ಲ, ದಯವಿಟ್ಟು ವಿಚಾರಣೆ ನಡೆಸಿ” ಎಂಬ ವಾಕ್ಯವನ್ನು ಸೇರಿಸಿ. ಕೌಂಟರಿನಲ್ಲಿ “ಮೊದಲು ಕಂಪನಿಯಿಂದ ನಮೂನೆ ತನ್ನಿ” ಎಂದು ವಾಪಸ್ ಕಳುಹಿಸುವುದುಂಟು. ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆದು ಬನ್ನಿ. ಟಪಾಲಿಗೆ ಬಿದ್ದ ಅರ್ಜಿಗೆ ಉತ್ತರ ಕೊಡಲೇಬೇಕು.

ನೋಂದಣಿಯ ದಿನಾಂಕವನ್ನೂ ನೋಡಿ. ಅಪಘಾತವಾದ ಮರುದಿನ ಗಡಿಬಿಡಿಯಲ್ಲಿ ಹೆಸರು ಸೇರಿಸಿ, ನಿನ್ನೆ ತಾನೇ ಕೆಲಸಕ್ಕೆ ಬಂದವರು ಎಂದು ತೋರಿಸುವುದು ಹಳೆಯ ಕೈಚಳಕ. ಎರಡು ವರ್ಷದ ಸಂಬಳದ ದಾಖಲೆ ನಿಮ್ಮಲ್ಲಿದ್ದರೆ ಅದನ್ನೂ ಕೊಡಿ. ಮಾಲೀಕರು ನೋಂದಣಿ ಮಾಡಿಸಲಿಲ್ಲ, ವಂತಿಗೆ ಕಟ್ಟಲಿಲ್ಲ ಎಂಬ ಕಾರಣಕ್ಕೆ ಕಾರ್ಮಿಕ ಹಕ್ಕು ಕಳೆದುಕೊಳ್ಳುವುದಿಲ್ಲ. ನಿಗಮ ಆ ಬಾಕಿಯನ್ನು ಮಾಲೀಕರಿಂದ ವಸೂಲು ಮಾಡಬಹುದು.

ಹೆಜ್ಜೆ 5: ಇಎಸ್‌ಐ ಅನ್ವಯಿಸದವರ ದಾರಿ

ಸಣ್ಣ ಗ್ಯಾರೇಜು, ಕಲ್ಲುಕ್ವಾರಿ, ಕಟ್ಟಡದ ಕೆಲಸ, ಲಾರಿ ಕ್ಲೀನರ್ ಕೆಲಸ ಇಂಥ ಕಡೆಗಳಲ್ಲಿ ಇಎಸ್‌ಐ ಇಲ್ಲದಿದ್ದರೆ ಪರಿಹಾರ ಕೊಡಬೇಕಾದವರು ನೇರವಾಗಿ ಮಾಲೀಕರೇ. ಇಲ್ಲಿಯವರೆಗೆ ಇದಕ್ಕಿದ್ದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು, ಆ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಅದರೊಳಗೆ ಸೇರಿವೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಪರಿಹಾರ ನಿರ್ಧರಿಸುವ ಆಯುಕ್ತರ ಬದಲು ಸಕ್ಷಮ ಪ್ರಾಧಿಕಾರ ಎಂಬ ಹೆಸರು ಬಂದಿದೆ, ಲೆಕ್ಕ ಹಾಕುವ ರೀತಿ ಹಾಗೆಯೇ ಇದೆ. ಅರ್ಜಿಯಲ್ಲಿ ಸೆಕ್ಷನ್ ಬರೆಯಲು ಹೋಗಬೇಡಿ. ಅಪಘಾತದ ದಿನಾಂಕ ಸರಿಯಾಗಿದ್ದರೆ ಯಾವ ಕಾನೂನು ಎಂಬುದನ್ನು ಕಚೇರಿಯವರು ನೋಡಿಕೊಳ್ಳುತ್ತಾರೆ.

ಲೆಕ್ಕ ತಿಳಿದಿರಬೇಕು, ಏಕೆಂದರೆ ಮಾಲೀಕರು ಕೊಡುವೆನೆನ್ನುವ ಮೊತ್ತ ಮತ್ತು ನಿಮಗೆ ಸಲ್ಲಬೇಕಾದ ಮೊತ್ತದ ನಡುವೆ ಬಹಳ ಅಂತರವಿರುತ್ತದೆ. 1923ರ ಕಾಯ್ದೆಯಡಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಗರಿಷ್ಠ ಮಿತಿ 15,000 ರೂಪಾಯಿ. ಪೂರ್ಣ ಶಾಶ್ವತ ಅಸಮರ್ಥತೆಗೆ ಅದರ ಶೇ 60ನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. ಸಾವಿಗೆ ಶೇ 50. 30 ವರ್ಷದವರ ಗುಣಕ 207.98. ಅಂದರೆ 9,000 ಗುಣಿಸು 207.98, ಒಟ್ಟು 18,71,820 ರೂಪಾಯಿ. ತೋರುಬೆರಳು ಪೂರ್ತಿ ಹೋದರೆ ಅನುಸೂಚಿಯ ಪ್ರಕಾರ ಶೇ 14ರಷ್ಟು ನಷ್ಟ: ಸುಮಾರು 2,62,000 ರೂಪಾಯಿ. ಹೆಬ್ಬೆರಳಾದರೆ ಶೇ 30: ಸುಮಾರು 5,61,500. ಆಸ್ಪತ್ರೆಯ ನಿಜವಾದ ಖರ್ಚು ಇದರಿಂದ ಬೇರೆ, ಅದನ್ನೂ ಮಾಲೀಕರೇ ಭರಿಸಬೇಕು. ಇಪ್ಪತ್ತು ಸಾವಿರದ ಕಂತೆಯನ್ನು ದಿಂಬಿನ ಕೆಳಗೆ ಇಟ್ಟು “ನಾವು ಬಿಟ್ಟುಹಾಕುವವರಲ್ಲ” ಎನ್ನುವವರ ಮುಖ ನೋಡುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿಕೊಳ್ಳಿ.

ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ, ಸಮರ್ಥನೀಯ ಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೂ ದಂಡ ಸೇರಿಸಲು ಅವಕಾಶವಿದೆ. ಅರ್ಜಿಗೆ ಎರಡು ವರ್ಷದ ಗಡುವು. “ಮುಂದಿನ ತಿಂಗಳು ಮಾತಾಡೋಣ” ಎಂದು ಎಳೆಯುವವರಿಗೆ ಈ ಗಡುವು ಚೆನ್ನಾಗಿ ಗೊತ್ತಿರುತ್ತದೆ.

ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ರಾಯಚೂರಿನಿಂದ ಬೆಂಗಳೂರಿಗೆ ದುಡಿಯಲು ಬಂದವರು ಗಾಯಗೊಂಡು ಊರಿಗೆ ಮರಳಿದ್ದರೆ ರಾಯಚೂರಿನಲ್ಲೇ ಹಾಕಬಹುದು. ಮೇಸ್ತ್ರಿಯ ಕೆಳಗೆ ಕೆಲಸ ಮಾಡುತ್ತಿದ್ದರೆ ಮೇಸ್ತ್ರಿಯನ್ನೂ ಮೂಲ ಮಾಲೀಕರನ್ನೂ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡಿ. “ಅವನು ನಮ್ಮವನಲ್ಲ, ಗುತ್ತಿಗೆದಾರನವನು” ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಕಡಿಮೆ: ಮೂಲ ಮಾಲೀಕರು ಪರಿಹಾರ ಕೊಟ್ಟು, ಬೇಕಿದ್ದರೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇರುವವರು ಅಲ್ಲಿನ ಅಪಘಾತ ಪರಿಹಾರಕ್ಕೂ ಅರ್ಜಿ ಹಾಕಲಿ.

ಹೆಜ್ಜೆ 6: ಬರುವ ಮಾತುಗಳು, ಕೊಡಬೇಕಾದ ಉತ್ತರಗಳು

“ಬಂದು ಸುಮ್ಮನೆ ಕುಳಿತಿರು, ಹಾಜರಿ ಹಾಕುತ್ತೇವೆ, ಸಂಬಳವೂ ಬರುತ್ತದೆ.” ಕೇಳಲು ಕರುಣೆಯ ಮಾತು. ಕಾರ್ಖಾನೆ ಕಾಯ್ದೆಯಲ್ಲಿ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದ ಗಾಯವನ್ನು ಕಾರ್ಖಾನೆ ಇಲಾಖೆಗೆ ತಿಳಿಸಬೇಕಿತ್ತು. ಪರಿಹಾರದ ಹಕ್ಕಿಗೂ ಮೂರು ದಿನಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಿರಬೇಕೆಂಬ ಲೆಕ್ಕವಿದೆ. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಗೇಟಿನ ಬಳಿ ಕುರ್ಚಿಯಲ್ಲಿ ಕುಳಿತವರು ಕಾಗದದ ಮೇಲೆ “ಕೆಲಸಕ್ಕೆ ಹಾಜರು”. ಕೈ ಸೋಂಕಾಗಿ ಮೂರನೇ ವಾರ ಮತ್ತೆ ಆಸ್ಪತ್ರೆ ಸೇರಿದಾಗ ಆ ಹಾಜರಿಯೇ ನಿಮ್ಮ ಎದುರು ನಿಲ್ಲುತ್ತದೆ. ವೈದ್ಯರು ವಿಶ್ರಾಂತಿ ಬರೆದಿದ್ದರೆ ವಿಶ್ರಾಂತಿಯನ್ನೇ ತೆಗೆದುಕೊಳ್ಳಿ.

“ಇದಕ್ಕೊಂದು ಸಹಿ ಹಾಕು, ಇನ್ಶೂರೆನ್ಸ್‌ಗೆ ಬೇಕು.” ಖಾಲಿ ಕಾಗದವಾದರೆ ಹಾಕಲೇಬೇಡಿ, ಹೆಬ್ಬೆಟ್ಟೂ ಬೇಡ. ಬರೆದ ಕಾಗದವಾದರೆ ಫೋಟೊ ತೆಗೆದುಕೊಂಡು, ಓದಿಸಿ, ಮರುದಿನ ಕೊಡುತ್ತೇನೆ ಎನ್ನಿ. ಈಗಾಗಲೇ ಹಾಕಿದ್ದೀರಾ? ಎದೆಗುಂದಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನ ಬೆಲೆಯಿಲ್ಲ. ಒಟ್ಟು ಮೊತ್ತದ ರಾಜಿ ಆಗಿದ್ದರೂ ಅದು ಪ್ರಾಧಿಕಾರದ ಮುಂದೆ ನೋಂದಣಿಯಾಗಬೇಕು. ಸಾವಿನ ಪ್ರಕರಣದಲ್ಲಂತೂ ಪರಿಹಾರವನ್ನು ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮನೆಗೆ ಬಂದು ಕೊಟ್ಟ ಹಣ ಪರಿಹಾರ ಪಾವತಿ ಎನಿಸುವುದಿಲ್ಲ.

“ಆಸ್ಪತ್ರೆಯ ಬಿಲ್ಲು ನಾವೇ ಕಟ್ಟುತ್ತೇವೆ, ವರದಿ ಏಕೆ?” ಕಟ್ಟಲಿ, ಬೇಡವೆನ್ನಬೇಡಿ. ಆದರೆ ಬಿಲ್ಲುಗಳು ನಿಮ್ಮ ಹೆಸರಿನಲ್ಲಿರಲಿ, ಪ್ರತಿ ನಿಮ್ಮ ಬಳಿ ಇರಲಿ. ಕೊಟ್ಟ ಹಣವನ್ನು ಆಮೇಲೆ “ಕೈಸಾಲ” ಅಥವಾ “ಅಡ್ವಾನ್ಸ್” ಎಂದು ಬರೆದು ಸಂಬಳದಲ್ಲಿ ಹಿಡಿಯುವುದನ್ನು ತಪ್ಪಿಸಲು, ಪಡೆದ ದಿನವೇ “ಚಿಕಿತ್ಸೆಗಾಗಿ ಕೊಟ್ಟ …… ರೂಪಾಯಿ ತಲುಪಿದೆ” ಎಂದು ಸಂದೇಶ ಕಳುಹಿಸಿ.

“ಕೇಸು ಹಾಕಿದರೆ ಕೆಲಸ ಇಲ್ಲ.” ಈ ಬೆದರಿಕೆ ಪೊಳ್ಳೆಂದು ನಾನು ಹೇಳಲಾರೆ, ಕೆಲಸ ಹೋದವರೂ ಇದ್ದಾರೆ. ಆದರೆ ಕೆಲಸ ಹೋದರೂ ಪರಿಹಾರದ ಹಕ್ಕು ಹೋಗುವುದಿಲ್ಲ ಎಂಬುದು ನೆನಪಿರಲಿ. ಬೆರಳಿಲ್ಲದ ಕೈಯನ್ನು ಮೊದಲಿನಷ್ಟೇ ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆಂಬ ಖಾತರಿ, ಬಾಯಿ ಮುಚ್ಚಿಕೊಂಡವರಿಗೂ ಇಲ್ಲ. ವೈದ್ಯರು ಕೆಲಸಕ್ಕೆ ಯೋಗ್ಯ ಎಂದು ಪ್ರಮಾಣಪತ್ರ ಕೊಟ್ಟ ದಿನವೇ ಅದರ ಪ್ರತಿಯೊಂದಿಗೆ “ನಾಳೆಯಿಂದ ಕೆಲಸಕ್ಕೆ ಹಾಜರಾಗಲು ಸಿದ್ಧನಿದ್ದೇನೆ” ಎಂದು ಬರೆದು ಕಳುಹಿಸಿ. ಇಲ್ಲದಿದ್ದರೆ “ತಾನೇ ಬಿಟ್ಟುಹೋದ” ಎಂದು ಬರೆದುಕೊಳ್ಳುತ್ತಾರೆ.

ಹೆಜ್ಜೆ 7: ಯಾರ ಬಾಗಿಲು ತಟ್ಟಬೇಕು

ನೋಂದಾಯಿತ ಕಾರ್ಖಾನೆಯಾಗಿದ್ದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ದೂರಿನ ಒಂದು ಪ್ರತಿ ಕಳುಹಿಸಿ. ಅಧಿಕಾರಿಗಳು ಬಂದು ಯಂತ್ರ ನೋಡಿ ಬರೆಯುವ ವರದಿ ನಿಮ್ಮ ಪ್ರಕರಣಕ್ಕೆ ದೊಡ್ಡ ಬಲ. ಉಳಿದ ಕಡೆಗಳಿಗೆ ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿ. ಸಂಘವಿದ್ದರೆ ಮೊದಲ ದಿನವೇ ಅವರನ್ನು ಆಸ್ಪತ್ರೆಗೆ ಕರೆಸಿಕೊಳ್ಳಿ. ಸೂಪರ್‌ವೈಸರ್ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರೆ ಬಾಗಿಲಿನ ಕಥೆ ಅಷ್ಟು ಸಲೀಸಾಗಿ ಹುಟ್ಟುವುದಿಲ್ಲ.

ವಕೀಲರ ವಿಷಯದಲ್ಲಿ ಎಚ್ಚರ ಬೇಕು. ಆಸ್ಪತ್ರೆಯ ಅಂಗಳದಲ್ಲೇ ಬಂದು ವಕಾಲತ್ತಿಗೆ ಸಹಿ ಹಾಕಿಸಿಕೊಂಡು, ಬರುವ ಹಣದಲ್ಲಿ ಪಾಲು ಕೇಳುವ ಮಧ್ಯವರ್ತಿಗಳಿದ್ದಾರೆ. ಅವರ ಅಗತ್ಯವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರೂ ಇದ್ದಾರೆ, ಇವರಿಗೆ ಆದಾಯದ ಮಿತಿಯ ಪ್ರಶ್ನೆಯೂ ಬರುವುದಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಆಸ್ಪತ್ರೆಯ ಚೀಟಿ, ಮಾಲೀಕರಿಗೆ ಬರೆದ ಪತ್ರ ಮತ್ತು ಅಂಚೆ ರಶೀದಿ, ಸಂಬಳದ ದಾಖಲೆ, ವಯಸ್ಸಿನ ದಾಖಲೆ ಜೊತೆಗಿರಲಿ. ಮೂಲ ಕಾಗದಗಳನ್ನು ಯಾರಿಗೂ ಒಪ್ಪಿಸಬೇಡಿ, ನಕಲು ಪ್ರತಿಗಳನ್ನೇ ಕೊಡಿ.